ಕುರುವಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಬ್ಯಾಕ್ಟೀರಿಯಾ ಸಾಯುತ್ತದಾ?

ಪ್ರಶ್ನೆ: ನಾವು ಗದಗಿನ ಕಡೆಯವರು, ಪುಣೆಯ ನಿಗಡಿಯಲ್ಲಿ ಇದ್ದೇವೆ. ಏಳು ವರ್ಷದ ಮಗನಿಗೆ ಮಳೆಗಾಲ ಬಂತೆಂದರೆ ಕತ್ತಿನ ಹಿಂದೆ, ತೊಡೆಯ ಮೇಲೆ ಕುರು ಏಳುತ್ತವೆ. ಡಾಕ್ಟರು ಮ್ಯುಪಿರೋಸಿನ್ ಮುಲಾಮು ಬರೆದುಕೊಟ್ಟಿದ್ದಾರೆ. ನಮ್ಮವ್ವ ಫೋನಿನಲ್ಲಿ "ಅದೆಲ್ಲಾ ಬ್ಯಾಡವಾ, ಕೊಬ್ಬರಿ ಎಣ್ಣಿ ಹಚ್ಚು, ತಂಪಾಗತೈತಿ" ಅನ್ನುತ್ತಾಳೆ. ಮೈದುನ ಒಂದು ವಿಡಿಯೊ ಕಳಿಸಿದ್ದಾನೆ. ಕೊಬ್ಬರಿ ಎಣ್ಣೆಯ ಲಾರಿಕ್ ಆಸಿಡ್ ಬ್ಯಾಕ್ಟೀರಿಯಾದ ಕೊಬ್ಬಿನ ಪೊರೆಯನ್ನೇ ಒಡೆಯುತ್ತದೆ, ಅದಕ್ಕೆ ಬ್ಯಾಕ್ಟೀರಿಯಾ ಯಾವತ್ತೂ ಒಗ್ಗಿಕೊಳ್ಳಲು ಆಗುವುದಿಲ್ಲ ಅಂತ ಅದರಲ್ಲಿದೆ. ಮೊನೊಲಾರಿನ್ ಮಾತ್ರೆ ತರಿಸೋಣವಾ ಅಂತಲೂ ಕೇಳುತ್ತಿದ್ದಾನೆ. ಇದರಲ್ಲಿ ನಿಜ ಎಷ್ಟು? ಮುಲಾಮು ಬಿಟ್ಟು ಎಣ್ಣೆ ಹಚ್ಚಬಹುದಾ? ಅವ್ವನಿಗೆ ಏನು ಹೇಳಲಿ?

ಉತ್ತರ: ಅವಸರದ ಮಾತು ಮೊದಲು ಮುಗಿಸೋಣ. ಮುಲಾಮು ಬಿಡಬೇಡಿ. ಡಾಕ್ಟರು ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ ಹಚ್ಚಿ. ಕೀವು ತುಂಬಿದ ಕುರುವಿನ ಮೇಲೆ ಎಣ್ಣೆ ಬೇಡ. ಉಳಿದದ್ದನ್ನು ಚಹಾ ಕುಡಿಯುತ್ತಾ ನಿಧಾನವಾಗಿ ಓದಿ. ನಿಮ್ಮ ಮೈದುನನ ವಿಡಿಯೊ ಪೂರ್ತಿ ಸುಳ್ಳಲ್ಲ, ಅದರಲ್ಲಿ ಅರ್ಧ ನಿಜ ಇದೆ. ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ನಾನು ಪಿಂಪ್ರಿ ಕಡೆಯ ಒಂದು ಲ್ಯಾಬಿನಲ್ಲಿ ಮೂವತ್ತು ವರ್ಷ ಬ್ಯಾಕ್ಟೀರಿಯಾ ಬೆಳೆಸಿ, ಅವನ್ನೇ ಕೊಂದು ಸಂಬಳ ತಗೊಂಡವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವಿಬ್ಬರು ಹುಡುಗರು ಇದೇ ಪ್ರಶ್ನೆಗೆ ಉತ್ತರ ಹುಡುಕಿದ್ದೆವು. ಅಗಾರ್ ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ; ಅದರ ತಟ್ಟೆಯ ಮೇಲೆ ಕುರು ಎಬ್ಬಿಸುವ ಸ್ಟಾಫಿಲೊಕಾಕಸ್ ಬ್ಯಾಕ್ಟೀರಿಯಾ ಹರಡಿದೆವು. ಕಾಗದದ ಬಿಲ್ಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ನಡುವೆ ಇಟ್ಟೆವು. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಒಂದು ಬಳೆ ಕಾಣಬೇಕು. ಮರುದಿನ ನೋಡಿದರೆ ಬಳೆಯೂ ಇಲ್ಲ, ಗಿಳೆಯೂ ಇಲ್ಲ. ಬಿಲ್ಲೆಯ ಅಂಚಿನವರೆಗೂ ಹುಲುಸಾಗಿ ಬೆಳೆದಿತ್ತು. "ಎಲ್ಲ ಅಜ್ಜಿ ಕಥೆ" ಅಂತ ನಕ್ಕೆವು. ನಮ್ಮ ಹಿರಿಯರೊಬ್ಬರು ತಟ್ಟೆ ನೋಡಿ, "ನಕ್ಕಿದ್ದು ಸಾಕು, ಇದರಲ್ಲಿ ಎರಡು ತಪ್ಪಿದೆ, ಹುಡುಕಿ" ಅಂದರು. ಒಂದನೆಯ ತಪ್ಪು ಬೇಗ ಸಿಕ್ಕಿತು. ಅಗಾರ್ ಅಂದರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಎಣ್ಣೆ ಅದರೊಳಗೆ ಹರಡುವುದಿಲ್ಲ. ಇದ್ದಲ್ಲೇ ಕೂತುಬಿಡುತ್ತದೆ. ಎರಡನೆಯ ತಪ್ಪು ಹೊಳೆಯುವುದಕ್ಕೆ ಒಂದು ವಾರ ಬೇಕಾಯಿತು. ನಿಮ್ಮ ಪ್ರಶ್ನೆಯ ತಿರುಳು ಅದರಲ್ಲೇ ಇದೆ.

ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ ಇದೆ ಅನ್ನುವುದು ನಿಜ. ಆದರೆ ಅದು ಬಿಡಿಯಾಗಿ ಇರುವುದಿಲ್ಲ. ಎಣ್ಣೆ ಅಂದರೆ ಟ್ರೈಗ್ಲಿಸರೈಡ್. ಗ್ಲಿಸರಾಲ್ ಅನ್ನುವ ಒಂದು ಗೂಟ, ಅದಕ್ಕೆ ಕಟ್ಟಿದ ಮೂರು ಎತ್ತು. ಒಂದೊಂದು ಎತ್ತೂ ಒಂದು ಕೊಬ್ಬಿನ ಆಮ್ಲ, ಅಂದರೆ ಡಬ್ಬಿಗಳ ಮೇಲೆ ಫ್ಯಾಟಿ ಆಸಿಡ್ ಅಂತ ಬರೆದಿರುತ್ತದಲ್ಲ, ಅದು. ಗೂಟಕ್ಕೆ ಕಟ್ಟಿದ ಎತ್ತು ಹಾಯುವುದಿಲ್ಲ. ಹಗ್ಗ ಬಿಚ್ಚಬೇಕು. ಹಗ್ಗ ಬಿಚ್ಚುವ ಕಿಣ್ವಕ್ಕೆ ಲೈಪೇಸ್ ಅಂತ ಹೆಸರು. ನಮ್ಮ ತಟ್ಟೆಯಲ್ಲಿ ಸಾಕಷ್ಟು ಎತ್ತು ಬಿಚ್ಚುವವರು ಯಾರೂ ಇರಲಿಲ್ಲ. ಆಮೇಲೆ ಶುದ್ಧ ಲಾರಿಕ್ ಆಮ್ಲವನ್ನೇ ತಂದು, ದ್ರವದಲ್ಲಿ ಕರಗಿಸಿ ಪರೀಕ್ಷೆ ಮಾಡಿದಾಗ ಅದೇ ಸ್ಟಾಫಿಲೊಕಾಕಸ್ ಮೇಲೇಳಲೇ ಇಲ್ಲ.

ಇದು ನಮ್ಮ ಸಂಶೋಧನೆ ಏನಲ್ಲ. 1880ರ ದಶಕದಲ್ಲೇ ರಾಬರ್ಟ್ ಕೋಖ್ ಅವರ ಬಳಗ ಕೊಬ್ಬಿನ ಆಮ್ಲಗಳು ಆಂಥ್ರಾಕ್ಸ್ ಬ್ಯಾಕ್ಟೀರಿಯಾವನ್ನು ತಡೆಯುವುದನ್ನು ಗಮನಿಸಿತ್ತು. 1972ರಲ್ಲಿ ಅಮೆರಿಕದ ಜಾನ್ ಕಬಾರಾ ಮತ್ತು ಸಂಗಡಿಗರು ಬೇರೆ ಬೇರೆ ಉದ್ದದ ಕೊಬ್ಬಿನ ಆಮ್ಲಗಳನ್ನು ಸಾಲಾಗಿ ಪರೀಕ್ಷಿಸಿ, ನೇರ ಸರಪಳಿಯವುಗಳಲ್ಲಿ 12 ಕಾರ್ಬನ್ನಿನ ಲಾರಿಕ್ ಆಮ್ಲವೇ ಜೋರು ಎಂದು ತೋರಿಸಿದರು. ಯಾಕೆ 12? ಇದಕ್ಕಿಂತ ಗಿಡ್ಡ ಇದ್ದರೆ ನೀರಿನಲ್ಲೇ ಹಾಯಾಗಿ ಇರುತ್ತದೆ, ಪೊರೆಯೊಳಗೆ ಹೋಗುವ ಗೋಜಿಗೇ ಹೋಗುವುದಿಲ್ಲ. ಜಾಸ್ತಿ ಉದ್ದ ಇದ್ದರೆ ನೀರಿನಲ್ಲಿ ಕರಗುವುದಿಲ್ಲ, ಬ್ಯಾಕ್ಟೀರಿಯಾದ ಹತ್ತಿರ ಬರುವುದೇ ಕಷ್ಟ. ಹನ್ನೆರಡು ಅನ್ನುವುದು ಎರಡೂ ಕಡೆಗೆ ಹೊಂದುವ ಅಳತೆ.

ಈಗ ಪೊರೆಯ ವಿಷಯ. ಬ್ಯಾಕ್ಟೀರಿಯಾದ ಪೊರೆಯ ಒಂದೊಂದು ತುಣುಕೂ ಎರಡು ಬಾಲದ ಗೊದಮೊಟ್ಟೆಯ ಹಾಗಿರುತ್ತದೆ. ತಲೆಗೆ ನೀರು ಬೇಕು, ಬಾಲಗಳಿಗೆ ನೀರು ಬೇಡ. ಲಕ್ಷಾಂತರ ಗೊದಮೊಟ್ಟೆಗಳು ಬಾಲಕ್ಕೆ ಬಾಲ ಕೊಟ್ಟು ಎರಡು ಪದರದಲ್ಲಿ ನಿಂತಿರುತ್ತವೆ. ಆ ಬಾಲಗಳೇ ಕೊಬ್ಬಿನ ಆಮ್ಲಗಳು. ಹೊರಗಿನಿಂದ ಬಂದ ಲಾರಿಕ್ ಆಮ್ಲಕ್ಕೆ ಒಂದೇ ಬಾಲ. ಎರಡು ಬಾಲದವರ ಗುಂಪಿನಲ್ಲಿ ಒಂದು ಬಾಲದ್ದು ನುಗ್ಗಿದರೆ ಸಾಲು ಸಡಿಲವಾಗುತ್ತದೆ. "ಅಯ್ಯೋ, ನಮ್ಮ ಜೀವಕೋಶಕ್ಕೂ ಇಂಥದ್ದೇ ಪೊರೆ ಇದೆಯಲ್ಲ, ನಮಗೆ ಏಟು ಬೀಳುವುದಿಲ್ಲವಾ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಪೊರೆಗೆ ಕೊಲೆಸ್ಟರಾಲಿನ ಊರೆ ಇದೆ, ಚರ್ಮದ ಮೇಲಂತೂ ಸತ್ತ ಕೋಶಗಳ ಹೊದಿಕೆಯೇ ಇದೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದು. ನಮ್ಮ ಜೀವಕೋಶ ಶಕ್ತಿ ತಯಾರಿಸುವುದು ಒಳಗಿನ ಕೋಣೆಯಲ್ಲಿ, ಮೈಟೊಕಾಂಡ್ರಿಯದಲ್ಲಿ. ಬ್ಯಾಕ್ಟೀರಿಯಾಕ್ಕೆ ಬೇರೆ ಕೋಣೆ ಇಲ್ಲ. ಅದರ ಒಲೆ ಇರುವುದೇ ಈ ಪೊರೆಯಲ್ಲಿ. ಪೊರೆ ಸೋರತೊಡಗಿದರೆ ಒಲೆ ಆರುತ್ತದೆ. ನಿಮಿಷಗಳಲ್ಲಿ ಪೊರೆಯ ವಿದ್ಯುತ್ ಒತ್ತಡ ಇಳಿದುಹೋಗುತ್ತದೆ, ಒಳಗಿನ ಸಣ್ಣ ಪ್ರೋಟೀನುಗಳು ಹೊರಗೆ ಸೋರುತ್ತವೆ, ಡಿಎನ್‌ಎ, ಪ್ರೋಟೀನು, ಕೊಬ್ಬು ಎಲ್ಲದರ ತಯಾರಿಯೂ ನಿಲ್ಲುತ್ತದೆ.

ನಿಮ್ಮ ಮೈದುನನ ವಿಡಿಯೊ ಇಲ್ಲಿಗೆ ಮುಗಿಯುತ್ತದೆ. ನನಗೆ ಕುತೂಹಲ ಶುರುವಾಗುವುದು ಇಲ್ಲಿಂದ ಮುಂದೆ. ಬ್ಯಾಕ್ಟೀರಿಯಾ ತನ್ನ ಪೊರೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಯನ್ನೇ ಕೆಡಿಸಿದರೆ?

ಹೂ ಕಟ್ಟುವುದನ್ನು ನೆನಪಿಸಿಕೊಳ್ಳಿ. ಮಲ್ಲಿಗೆ ದಂಡೆ ಕಟ್ಟುವಾಗ ಎರಡೆರಡು ಹೂವಿಟ್ಟು ಗಂಟು ಹಾಕುತ್ತೇವೆ, ಮತ್ತೆ ಎರಡು, ಮತ್ತೆ ಗಂಟು. ಕೊಬ್ಬಿನ ಆಮ್ಲ ತಯಾರಾಗುವುದು ಅಕ್ಷರಶಃ ಹೀಗೇ. ಪ್ರತಿ ಸುತ್ತಿಗೆ ಎರಡು ಕಾರ್ಬನ್ ಸೇರುತ್ತವೆ. ಅದಕ್ಕೇ ನಮ್ಮ ಅಡುಗೆ ಎಣ್ಣೆಗಳಲ್ಲಿ 12, 14, 16, 18 ಅಂತ ಸರಿ ಸಂಖ್ಯೆಗಳೇ ಕಾಣುವುದು. ಒಂದೊಂದು ಸುತ್ತಿಗೂ ನಾಲ್ಕು ಹೆಜ್ಜೆ. ಜೋಡಿಸು, ಹೈಡ್ರೋಜನ್ ಸೇರಿಸು, ನೀರು ತೆಗೆ, ಮತ್ತೆ ಹೈಡ್ರೋಜನ್ ಸೇರಿಸು. ಕೊನೆಯ ಹೆಜ್ಜೆಯ ಕಿಣ್ವಕ್ಕೆ ಫ್ಯಾಬ್‌ಐ ಅಂತ ಹೆಸರು. ಆ ಗಂಟು ಬಿಗಿಯಾಗದೆ ಮುಂದಿನ ಜೋಡಿ ಹೂ ಇಡಲು ಆಗುವುದಿಲ್ಲ. ನಮ್ಮಜ್ಜಿ ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕಟ್ಟುತ್ತಿದ್ದಳು. ಬ್ಯಾಕ್ಟೀರಿಯಾದಲ್ಲಿ ಆ ಹೆಬ್ಬೆರಳಿನ ಕೆಲಸಕ್ಕೆ ಎಸಿಪಿ ಅನ್ನುವ ಒಂದು ಪುಟ್ಟ ಪ್ರೋಟೀನು ಇದೆ. ಕಟ್ಟಿ ಮುಗಿಯುವವರೆಗೂ ದಂಡೆ ಅದಕ್ಕೇ ಅಂಟಿಕೊಂಡಿರುತ್ತದೆ.

ನಮ್ಮ ದೇಹವೂ ಕೊಬ್ಬಿನ ಆಮ್ಲ ತಯಾರಿಸುತ್ತದೆ. ಆದರೆ ನಮ್ಮಲ್ಲಿ ಎಲ್ಲ ಹೆಜ್ಜೆಗಳನ್ನೂ ಒಂದೇ ದೊಡ್ಡ ಪ್ರೋಟೀನು ಮಾಡುತ್ತದೆ. ಬ್ಯಾಕ್ಟೀರಿಯಾದಲ್ಲಿ ಒಂದೊಂದು ಹೆಜ್ಜೆಗೂ ಬೇರೆ ಬೇರೆ ಬಿಡಿ ಕಿಣ್ವ. ಔಷಧ ಹುಡುಕುವವರಿಗೆ ಇದು ಹಬ್ಬ ಇದ್ದ ಹಾಗೆ. ನಮಗೆ ಏಟು ಬೀಳದಂತೆ ಅವುಗಳಲ್ಲಿ ಒಂದನ್ನು ಹಿಡಿದು ಕಟ್ಟಿಹಾಕಬಹುದು.

ಕಟ್ಟಿಹಾಕಿಯೂ ಇದ್ದಾರೆ. ಟಿಬಿಗೆ 1952ರಿಂದ ಕೊಡುತ್ತಿರುವ ಐಸೊನಿಯಾಜಿಡ್ ಮಾತ್ರೆ ನಿಮಗೆ ಗೊತ್ತಿರುತ್ತದೆ, ನಮ್ಮ ಕಡೆ ಯಾವ ಮನೆಗೆ ಅದು ಬಂದಿಲ್ಲ ಹೇಳಿ. ಅದು ಟಿಬಿ ಬ್ಯಾಕ್ಟೀರಿಯಾದ ಇನ್‌ಹೆಚ್‌ಎ ಕಿಣ್ವವನ್ನು ಹಿಡಿಯುತ್ತದೆ. ಈ ಇನ್‌ಹೆಚ್‌ಎ ನಾನು ಹೇಳಿದ ಫ್ಯಾಬ್‌ಐನ ಅಣ್ಣತಮ್ಮಂದಿರಲ್ಲೇ ಒಬ್ಬ. ಟಿಬಿ ಬ್ಯಾಕ್ಟೀರಿಯಾ 60ರಿಂದ 90 ಕಾರ್ಬನ್ ಉದ್ದದ ಮೈಕಾಲಿಕ್ ಆಮ್ಲಗಳನ್ನು ಹೆಣೆದು ಮೇಣದ ಕಂಬಳಿ ಹೊದ್ದುಕೊಂಡಿರುತ್ತದೆ. ಆ ಹೆಣಿಗೆ ನಿಂತರೆ ಅದು ಬದುಕುವುದಿಲ್ಲ. ಅಂದರೆ ಬ್ಯಾಕ್ಟೀರಿಯಾದ ಕೊಬ್ಬಿನ ತಯಾರಿ ಕೆಡಿಸುವ ಔಷಧ ಹೊಸದೇನಲ್ಲ, ಎಪ್ಪತ್ತು ವರ್ಷದಿಂದ ಬಳಕೆಯಲ್ಲಿದೆ, ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ.

ಈಗ ಎರಡನ್ನೂ ಸೇರಿಸಿ. ಹೊರಗಿನಿಂದ ಬಂದ ಕೊಬ್ಬಿನ ಆಮ್ಲಗಳೂ ಈ ದಂಡೆಯ ಕೆಲಸಕ್ಕೆ ಅಡ್ಡಿ ಮಾಡಬಲ್ಲವು. 2005ರಲ್ಲಿ ಬಂದ ಒಂದು ಅಧ್ಯಯನ, ಲಿನೋಲಿಕ್ ಆಮ್ಲದಂಥ ಬಾಗಿದ ಬಾಲದ ಕೊಬ್ಬಿನ ಆಮ್ಲಗಳು ನೇರವಾಗಿ ಫ್ಯಾಬ್‌ಐ ಕಿಣ್ವಕ್ಕೇ ಅಡರಿಕೊಂಡು ಅದನ್ನು ನಿಲ್ಲಿಸುತ್ತವೆ ಎಂದು ತೋರಿಸಿತು. ನಮ್ಮ ಕುಸುಬಿ ಎಣ್ಣೆಯಲ್ಲಿ ಜಾಸ್ತಿ ಇರುವುದು ಇದೇ ಲಿನೋಲಿಕ್ ಆಮ್ಲ. ಹಾಗಂತ ಕುಸುಬಿ ಎಣ್ಣೆ ಹಚ್ಚಲು ಹೋಗಬೇಡಿ. ಅಲ್ಲೂ ಎತ್ತುಗಳು ಗೂಟಕ್ಕೇ ಕಟ್ಟಿರುತ್ತವೆ. (ಕಮಟು ಹಿಡಿದ ಹಳೇ ಎಣ್ಣೆಯಲ್ಲಿ ಬಿಡಿ ಕೊಬ್ಬಿನ ಆಮ್ಲ ಜಾಸ್ತಿ ಇರುತ್ತದಲ್ಲ, ಅದನ್ನು ಹಚ್ಚೋಣವಾ ಅಂತ ಒಬ್ಬರು ಒಮ್ಮೆ ನನ್ನನ್ನು ಕೇಳಿದ್ದರು. ಬುದ್ಧಿವಂತ ಪ್ರಶ್ನೆ. ಆದರೆ ಬೇಡ. ಚರ್ಮ ಉರಿಯುತ್ತದೆ.)

ಆದರೆ ಸ್ಟಾಫಿಲೊಕಾಕಸ್ ಕೂಡ ಕಡಿಮೆ ಆಸಾಮಿಯಲ್ಲ. ಮನೆಯಲ್ಲಿ ಹೂ ಕಟ್ಟುವುದರ ಜೊತೆಗೆ ಅದು ಮಾರ್ಕೆಟ್ ಯಾರ್ಡಿನಿಂದ ತಯಾರು ಗಜರಾ ತಂದುಕೊಳ್ಳುವುದನ್ನೂ ಕಲಿತಿದೆ. ಫ್ಯಾಕ್‌ಬಿ ಅನ್ನುವ ಪ್ರೋಟೀನುಗಳು ಹೊರಗಿನ ಕೊಬ್ಬಿನ ಆಮ್ಲವನ್ನು ಪೊರೆಯಿಂದ ಎತ್ತಿಕೊಳ್ಳುತ್ತವೆ. ಫ್ಯಾಕ್‌ಎ ಅದಕ್ಕೆ ಫಾಸ್ಫೇಟಿನ ಮುದ್ರೆ ಒತ್ತುತ್ತದೆ. ಅಲ್ಲಿಂದ ಅದು ನೇರವಾಗಿ ಪೊರೆ ಕಟ್ಟುವ ಸಾಲಿಗೆ ಹೋಗುತ್ತದೆ. ಅಂದರೆ ಅದೇ ಸರಕು ನಿಧಾನವಾಗಿ ಬಂದರೆ ಸ್ಟಾಫಿಲೊಕಾಕಸ್‌ಗೆ ಪುಕ್ಕಟೆ ಸಾಮಾನು. ಒಮ್ಮೆಲೇ ನುಗ್ಗಿದರೆ ಎತ್ತಿಕೊಳ್ಳುವವರು ಸಾಲದೆ ಪೊರೆಯಲ್ಲೇ ರಾಶಿ ಬಿದ್ದು ವಿಷ. ಕೊಬ್ಬಿನ ಆಮ್ಲ ಬ್ಯಾಕ್ಟೀರಿಯಾ ಕೊಲ್ಲುತ್ತದಾ ಅಂತ ಕೇಳಿದರೆ ಅದಕ್ಕೇ ನಾನು ಹೂಂ, ಉಹುಂ ಎರಡೂ ಅನ್ನುವುದಿಲ್ಲ. ಎಷ್ಟು, ಯಾವುದು, ಎಲ್ಲಿ ಅಂತ ತಿರುಗಿ ಕೇಳುತ್ತೇನೆ.

ಈ ತಯಾರು ಗಜರಾದ ವಿಷಯ ವಿಜ್ಞಾನಿಗಳ ನಡುವೆ ದೊಡ್ಡ ಜಗಳವನ್ನೇ ತಂದಿಟ್ಟಿತ್ತು. 2009ರಲ್ಲಿ ಫ್ರಾನ್ಸಿನ ಒಂದು ತಂಡ ಸ್ಟ್ರೆಪ್ಟೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಒಂದು ಬಗೆಯ ಮೇಲೆ ಕೆಲಸ ಮಾಡಿ, ರಕ್ತದಲ್ಲಿ ಕೊಬ್ಬಿನ ಆಮ್ಲಗಳು ಧಾರಾಳವಾಗಿ ಸಿಗುವಾಗ ಬ್ಯಾಕ್ಟೀರಿಯಾದ ಮನೆಯ ದಂಡೆ ನಿಲ್ಲಿಸಿ ಏನು ಪ್ರಯೋಜನ ಅಂತ ಕೇಳಿತು. ಔಷಧ ಕಂಪನಿಗಳು ಕೋಟಿಗಟ್ಟಲೆ ಸುರಿದಿದ್ದ ದಾರಿ ಅದು. 2011ರಲ್ಲಿ ಅಮೆರಿಕದ ಮೆಂಫಿಸ್‌ನ ತಂಡ ಉತ್ತರ ಕೊಟ್ಟಿತು. ಸ್ಟ್ರೆಪ್ಟೊಕಾಕಸ್ ಹೊರಗಿನ ಸರಕು ಸಿಕ್ಕ ತಕ್ಷಣ ಮನೆಯ ಕೆಲಸ ನಿಲ್ಲಿಸುತ್ತದೆ ನಿಜ, ಆದರೆ ಸ್ಟಾಫಿಲೊಕಾಕಸ್ ಹಾಗಲ್ಲ, ಅದು ಎರಡನ್ನೂ ನಡೆಸುತ್ತದೆ, ಹಾಗಾಗಿ ಮನೆಯ ಕೆಲಸ ಕಟ್ಟಿದರೆ ಅದಕ್ಕೆ ಏಟು ಬೀಳುತ್ತದೆ ಅಂದಿತು. 2016ರಲ್ಲಿ ಫ್ರಾನ್ಸಿನವರು ಮತ್ತೆ ಬಂದರು. ಸ್ವಲ್ಪ ಕಾಲ ಕೊಟ್ಟರೆ ಸ್ಟಾಫಿಲೊಕಾಕಸ್ ಕೂಡ ಹೊರಗಿನ ಸರಕಿನ ಮೇಲೇ ಬದುಕುವುದನ್ನು ರೂಢಿ ಮಾಡಿಕೊಳ್ಳುತ್ತದೆ ಅಂತ ತೋರಿಸಿದರು. ಇಬ್ಬರೂ ಅವರವರ ಮಟ್ಟಿಗೆ ಸರಿ ಅಂತ ನನಗನ್ನಿಸುತ್ತದೆ. ಬ್ಯಾಕ್ಟೀರಿಯಾ ಬೇರೆ, ಜಾಗ ಬೇರೆ, ಕಾಲ ಬೇರೆ.

ನಮ್ಮವರ ಕಥೆಯೂ ಒಂದಿದೆ. ಸೋಪು, ಟೂತ್‌ಪೇಸ್ಟುಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲಲು ಹಾಕುತ್ತಿದ್ದ ಟ್ರೈಕ್ಲೊಸಾನ್ ಸುಮ್ನೆ ಪೊರೆ ಹರಿಯುತ್ತದೆ ಅಂತ ಎಲ್ಲರೂ ನಂಬಿದ್ದರು. 1998ರಲ್ಲಿ ಬಾಸ್ಟನ್ನಿನ ಒಂದು ತಂಡ ಅದು ಹಿಡಿಯುವುದು ಫ್ಯಾಬ್‌ಐ ಕಿಣ್ವವನ್ನು ಅಂತ ಪತ್ತೆ ಮಾಡಿತು. ಆ ಕಿಣ್ವ ಚೂರು ಬದಲಾದರೆ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುತ್ತದೆ ಅಂತಲೂ ಕಂಡಿತು. 2001ರಲ್ಲಿ ಬೆಂಗಳೂರಿನ ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ ಅದೇ ಟ್ರೈಕ್ಲೊಸಾನ್ ಮಲೇರಿಯಾ ಪರಾವಲಂಬಿಯ ಫ್ಯಾಬ್‌ಐ ಕಿಣ್ವವನ್ನೂ ಹಿಡಿಯುತ್ತದೆ ಅಂತ ತೋರಿಸಿದಾಗ ನಮ್ಮ ಲ್ಯಾಬಿನಲ್ಲಿ ಪೇಡೆ ಹಂಚಿದ್ದು ನೆನಪಿದೆ. ಆಮೇಲೆ ತಿಳಿಯಿತು, ಆ ಪರಾವಲಂಬಿಗೆ ಈ ದಂಡೆ ಬೇಕಾಗುವುದು ಮುಖ್ಯವಾಗಿ ಪಿತ್ತಜನಕಾಂಗದ ಹಂತದಲ್ಲಿ, ರಕ್ತದಲ್ಲಿರುವಾಗ ಅಲ್ಲ. ಇಲ್ಲೂ ಅದೇ ರಾಗ, ಅಲ್ವಾ? ರಕ್ತಕ್ಕೆ ಇಳಿದ ಮೇಲೆ ಲೆಕ್ಕ ಬದಲಾಗುತ್ತದೆ. ಸೋಪಿನ ಟ್ರೈಕ್ಲೊಸಾನ್ ಅನ್ನು 2016ರಲ್ಲಿ ಅಮೆರಿಕ ಸರಕಾರ ಮನೆಬಳಕೆಯ ಸಾಬೂನುಗಳಿಂದ ತೆಗೆಸಿತು.

ಪಿಂಪ್ರಿ ಅಂದಮೇಲೆ ಇನ್ನೊಂದು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಿಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರಕಾರಿ ಔಷಧ ಕಂಪನಿ 1954ರಲ್ಲಿ ಶುರುವಾಯಿತು. ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದ ಎಂ. ಜೆ. ತಿರುಮಲಾಚಾರ್ ಮೂಲ ನಮ್ಮ ಕರ್ನಾಟಕದವರು. ಅವರ ತಂಡ ಪಿಂಪ್ರಿಯ ಹೆಸರನ್ನೇ ಹೊತ್ತ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಸೂಕ್ಷ್ಮಜೀವಿಯಿಂದ ಹ್ಯಾಮೈಸಿನ್ ಎಂಬ ಔಷಧ ತೆಗೆಯಿತು. ಅದೂ ಪೊರೆಯ ಕೊಬ್ಬನ್ನೇ ಹಿಡಿಯುವ ಜಾತಿಯದು. ಆದರೆ ಹಿಡಿಯುವುದು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು. ಬ್ಯಾಕ್ಟೀರಿಯಾದಲ್ಲಿ ಅದು ಇಲ್ಲ, ಹಾಗಾಗಿ ಹ್ಯಾಮೈಸಿನ್ ಬ್ಯಾಕ್ಟೀರಿಯಾದ ತಂಟೆಗೆ ಹೋಗುವುದಿಲ್ಲ. "ಕೊಬ್ಬಿನ ಪೊರೆ ಒಡೆಯುತ್ತದೆ" ಅನ್ನುವ ಮಾತು ಎಷ್ಟು ಸಡಿಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಯಾರ ಪೊರೆ, ಯಾವ ಕೊಬ್ಬು ಅಂತ ಹೇಳದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ಉದಾಹರಣೆಗೆ ಕರುಳಿನ ಬ್ಯಾಕ್ಟೀರಿಯಾ ಈ.ಕೋಲಿ. ಲಾರಿಕ್ ಆಮ್ಲ ಸ್ಟಾಫಿಲೊಕಾಕಸ್‌ಗೆ ಕೊಟ್ಟ ಏಟನ್ನು ಇದಕ್ಕೆ ಕೊಡುವುದಿಲ್ಲ. ಇದಕ್ಕೆ ಹೊರಗಡೆ ಇನ್ನೊಂದು ಪೊರೆ ಇದೆ, ಅದು ಕೊಬ್ಬಿನ ಆಮ್ಲಗಳನ್ನು ಸುಮ್ನೆ ಒಳಗೆ ಬಿಡುವುದಿಲ್ಲ. ಬಾಗಿಲಿನಿಂದ ಬಂದ ಉದ್ದ ಸರಪಳಿಯ ಕೊಬ್ಬಿನ ಆಮ್ಲಗಳನ್ನು ಅದು ಎರಡೆರಡು ಕಾರ್ಬನ್ ಕತ್ತರಿಸಿ ಉರಿಸಿಕೊಂಡು ತಿನ್ನುತ್ತದೆ. ಒಬ್ಬರಿಗೆ ವಿಷ, ಇನ್ನೊಬ್ಬರಿಗೆ ಊಟ.

ಸರಿ, ಮಗನ ಚರ್ಮಕ್ಕೆ ಬರೋಣ. ನಮ್ಮ ಚರ್ಮ ತಾನೇ ಈ ಔಷಧ ತಯಾರಿಸುತ್ತದೆ. ಎಣ್ಣೆ ಗ್ರಂಥಿಗಳು ಟ್ರೈಗ್ಲಿಸರೈಡ್ ಸುರಿಸುತ್ತವೆ. ಚರ್ಮದ ಮೇಲೆ ವಾಸವಿರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹಗ್ಗ ಬಿಚ್ಚುತ್ತದೆ. ಮೊಡವೆಗೆ ಕಾರಣ ಅಂತ ನಾವು ಬೈಯುವುದು ಇದನ್ನೇ, ಪಾಪ. ಬಿಚ್ಚಿದಾಗ ಬರುವವುಗಳಲ್ಲಿ ಮನುಷ್ಯರ ಚರ್ಮದಲ್ಲಿ ತುಂಬ ಹೇರಳವಾಗಿರುವುದು ಸೇಪಿಯನಿಕ್ ಆಮ್ಲ. ಹೋಮೊ ಸೇಪಿಯನ್ಸ್ ಅನ್ನುವುದರಿಂದಲೇ ಆ ಹೆಸರು. 16 ಕಾರ್ಬನ್ನಿನ ಬಾಗಿದ ಸರಪಳಿ. ಸ್ಟಾಫಿಲೊಕಾಕಸ್ ತನಗೆ ತಾನೇ ಬಾಗಿದ ಸರಪಳಿ ತಯಾರಿಸುವುದಿಲ್ಲ, ಅದರ ಪೊರೆಯಲ್ಲಿ ಇರುವುದು ಕವಲೊಡೆದ ಮತ್ತು ನೇರ ಬಾಲಗಳು. ಅಂಥ ಸಾಲಿಗೆ ಈ ಬಾಗಿದ್ದು ನುಗ್ಗಿದರೆ ತಡೆಯುವುದು ಕಷ್ಟ. ಚಿಕ್ಕ ಮಕ್ಕಳ ಚರ್ಮದಲ್ಲಿ ಈ ಎಣ್ಣೆಯೇ ಕಡಿಮೆ. ಹರೆಯಕ್ಕೆ ಬರುವಾಗಲೇ ಅದು ಜಾಸ್ತಿಯಾಗುವುದು. ಏಳು ವರ್ಷದವನು ಈ ಲೆಕ್ಕದಲ್ಲಿ ಬರಿಗೈಯಲ್ಲಿದ್ದಾನೆ.

ಹಾಗಾದರೆ ಹೊರಗಿನಿಂದ ಎಣ್ಣೆ ಹಚ್ಚಿ ಆ ಕೊರತೆ ತುಂಬಬಹುದಲ್ಲ? ಕುರು ಇಲ್ಲದ, ಒಡೆಯದ ಚರ್ಮಕ್ಕೆ ಹೌದು, ಸ್ವಲ್ಪ ಮಟ್ಟಿಗೆ. 2008ರಲ್ಲಿ ಫಿಲಿಪೀನ್ಸಿನಲ್ಲಿ ಎಕ್ಸಿಮಾ ಇರುವ ದೊಡ್ಡವರ ಮೇಲೆ ಒಂದು ಅಧ್ಯಯನ ನಡೆಯಿತು. ಚರ್ಮದ ಮೇಲೆ ಸ್ಟಾಫಿಲೊಕಾಕಸ್ ಇದ್ದ 20 ಜನ ನಾಲ್ಕು ವಾರ ಕೊಬ್ಬರಿ ಎಣ್ಣೆ ಹಚ್ಚಿದರು. ಕೊನೆಗೆ ಒಬ್ಬರಲ್ಲಿ ಮಾತ್ರ ಅದು ಉಳಿದಿತ್ತು. ಆಲಿವ್ ಎಣ್ಣೆ ಹಚ್ಚಿದ 12 ಜನರಲ್ಲಿ 6 ಜನರಲ್ಲಿ ಉಳಿದಿತ್ತು. ಸಣ್ಣ ಅಧ್ಯಯನ, ಆದರೂ ಅಜ್ಜಿಯರ ಪರವಾಗಿ ಒಂದು ಅಂಕ ಕೊಡಲೇಬೇಕು. ಆದರೆ ಗಮನಿಸಿ. ಇದು ಚರ್ಮದ ಮೇಲೆ ಸುಮ್ಮನೆ ಕೂತ ಬ್ಯಾಕ್ಟೀರಿಯಾದ ಮಾತು. ಕುರುವಿನ ಮಾತಲ್ಲ.

ಕುರು ಅಂದರೆ, ಇಲ್ಲಿಯವರು ಗಳೂ ಅನ್ನುತ್ತಾರಲ್ಲ ಅದು, ಚರ್ಮದ ಕೆಳಗೆ ಕೂದಲ ಬುಡದಲ್ಲಿ ಆಗಿರುವ ಕೀವಿನ ಗುಂಡಿ. ಅಲ್ಲಿ ಮೂರು ಕಾರಣಕ್ಕೆ ಎಣ್ಣೆ ಸೋಲುತ್ತದೆ. ಮೇಲೆ ಹಚ್ಚಿದ್ದು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಇಳಿದರೂ ಕೀವಿನಲ್ಲಿ ರಕ್ತದಿಂದ ಬಂದ ಆಲ್ಬುಮಿನ್ ತುಂಬಿರುತ್ತದೆ. ದೇಹದಲ್ಲಿ ಕೊಬ್ಬಿನ ಆಮ್ಲಗಳನ್ನು ಹೊತ್ತು ತಿರುಗುವುದೇ ಆಲ್ಬುಮಿನ್ನಿನ ಕಸುಬು. ಅದು ನಿಮ್ಮ ಲಾರಿಕ್ ಆಮ್ಲವನ್ನು ಹಿಡಿದು ಜೇಬಿಗೆ ಹಾಕಿಕೊಳ್ಳುತ್ತದೆ, ಬ್ಯಾಕ್ಟೀರಿಯಾಕ್ಕೆ ತಲುಪಲು ಬಿಡುವುದಿಲ್ಲ. ಇದು ಆಸ್ಪತ್ರೆಯ ದುಬಾರಿ ಔಷಧಕ್ಕೂ ತಪ್ಪಿದ್ದಲ್ಲ. ಡ್ಯಾಪ್ಟೊಮೈಸಿನ್ ಅಂತ 2003ರಲ್ಲಿ ಬಂದ ಇಂಜೆಕ್ಷನ್ ಇದೆ. ಅದಕ್ಕೂ ಒಂದು ಕೊಬ್ಬಿನ ಬಾಲ ಇದೆ, 10 ಕಾರ್ಬನ್ನಿನದು. ಬ್ಯಾಕ್ಟೀರಿಯಾದ ಪೊರೆಯ ಒಂದು ಕೊಬ್ಬಿಗೆ ಅಂಟಿಕೊಂಡು ಪೊರೆ ಕೆಡಿಸುತ್ತದೆ. ರಕ್ತದ ಸೋಂಕಿಗೆ ಬಹಳ ಒಳ್ಳೆಯದು, ನ್ಯುಮೋನಿಯಾಕ್ಕೆ ಮಾತ್ರ ಕೊಡುವ ಹಾಗಿಲ್ಲ. ಯಾಕೆಂದರೆ ಶ್ವಾಸಕೋಶದ ಒಳಮೈಯಲ್ಲಿ ಅಂಥದೇ ಕೊಬ್ಬಿನ ಲೇಪ ಇದೆ. ಔಷಧ ಅಲ್ಲೇ ಸಿಕ್ಕಿಬಿದ್ದು ವ್ಯರ್ಥವಾಗುತ್ತದೆ.

ಮೂರನೆಯ ಕಾರಣ ನನಗೆ ತುಂಬ ಇಷ್ಟವಾದದ್ದು. ಕುರುವಿನೊಳಗೆ ನಮ್ಮ ದೇಹ ತಾನಾಗಿಯೇ ಬ್ಯಾಕ್ಟೀರಿಯಾ ಕೊಲ್ಲುವ ಕೊಬ್ಬಿನ ಆಮ್ಲಗಳನ್ನು ತಯಾರಿಸುತ್ತದೆ ಅಂತ 1980ರ ದಶಕದ ಹೊತ್ತಿಗೇ ಗೊತ್ತಾಗಿತ್ತು. ಸ್ಟಾಫಿಲೊಕಾಕಸ್ ಅದಕ್ಕೂ ಮದ್ದು ಇಟ್ಟುಕೊಂಡಿದೆ. ಅದರ ಬಳಿ ಇರುವ ಒಂದು ಕಿಣ್ವ ಬಿಡಿ ಎತ್ತುಗಳನ್ನು ಹಿಡಿದು ಕೊಲೆಸ್ಟರಾಲಿನಂಥ ಬೇರೆ ಗೂಟಕ್ಕೆ ಮತ್ತೆ ಕಟ್ಟಿಹಾಕುತ್ತದೆ! ಇನ್ನೊಂದು ಕಿಣ್ವ ಬಾಗಿದ ಸರಪಳಿಗೆ ನೀರು ಸೇರಿಸಿ ಅದರ ಹಲ್ಲು ಕಿತ್ತುಹಾಕುತ್ತದೆ. ಒಳಬಂದದ್ದನ್ನು ಹೊರಗೆ ದಬ್ಬುವ ಪಂಪು ಇದೆ. ಮೈ ಮೇಲಿನ ಒಂದು ಪ್ರೋಟೀನು ಎಣ್ಣೆ ಅಂಟದ ಹಾಗೆ ನೋಡಿಕೊಳ್ಳುತ್ತದೆ. ಇಷ್ಟೆಲ್ಲ ತಯಾರಿ ಮಾಡಿಕೊಂಡಿರುವ ಪ್ರಾಣಿಯ ಬಗ್ಗೆ "ಯಾವತ್ತೂ ಒಗ್ಗಿಕೊಳ್ಳುವುದಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲಕ್ಷಾಂತರ ವರ್ಷದಿಂದ ಅದು ನಮ್ಮ ಚರ್ಮದ ಎಣ್ಣೆಯ ಜೊತೆಗೇ ಬದುಕಿದೆ. ಪೊರೆಯನ್ನು ಹಿಡಿಯುವ ಬೇರೆ ಔಷಧಗಳದ್ದೂ ಇದೇ ಪಾಡು. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಕೊನೆಯ ಅಸ್ತ್ರ ಅಂತ ಇಟ್ಟುಕೊಂಡಿದ್ದೆವು. 2015ರಲ್ಲಿ ಚೀನಾದಲ್ಲಿ ಅದನ್ನು ತಪ್ಪಿಸಿಕೊಳ್ಳುವ ಎಂಸಿಆರ್-1 ಎಂಬ ಜೀನ್ ಸಿಕ್ಕಿತು. ಅದು ಹೊರಪೊರೆಯ ಕೊಬ್ಬಿಗೆ ಒಂದು ತುಣುಕು ಸೇರಿಸಿ ಔಷಧ ಅಂಟದಂತೆ ಮಾಡುತ್ತದೆ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ ಕೂಡ. 2019ರಲ್ಲಿ ನಮ್ಮ ಸರಕಾರ ಕೋಳಿ, ದನಗಳ ಆಹಾರದಲ್ಲಿ ಕೊಲಿಸ್ಟಿನ್ ನಿಷೇಧಿಸಿತು.

ನಿಮ್ಮ ಮ್ಯುಪಿರೋಸಿನ್ ಮುಲಾಮಿನ ಕಥೆಯೂ ಮಜವಾಗಿದೆ. ಅದನ್ನು ತಯಾರಿಸುವುದು ಇನ್ನೊಂದು ಬ್ಯಾಕ್ಟೀರಿಯಾ, ಸ್ಯೂಡೊಮೊನಾಸ್ ಫ್ಲೋರೆಸೆನ್ಸ್. ಅದಕ್ಕೂ ಒಂಬತ್ತು ಕಾರ್ಬನ್ನಿನ ಕೊಬ್ಬಿನ ಬಾಲವಿದೆ. ಆದರೆ ಅದು ಹಿಡಿಯುವುದು ಪ್ರೋಟೀನು ತಯಾರಿಯ ಒಂದು ಕಿಣ್ವವನ್ನು, ಕೊಬ್ಬಿನ ದಂಡೆಯನ್ನಲ್ಲ. ಎಣ್ಣೆ ಹಚ್ಚಿದ ಚರ್ಮದ ಮೇಲೆ ಮುಲಾಮು ಹಚ್ಚಿದರೆ ಅದು ಸರಿಯಾಗಿ ಕೂರುವುದಿಲ್ಲ. ಮೊದಲು ತೊಳೆದು ಒರೆಸಿ, ಆಮೇಲೆ ಮುಲಾಮು.

ಮೊನೊಲಾರಿನ್ ಮಾತ್ರೆ? ಅದು ಗೂಟಕ್ಕೆ ಒಂದೇ ಎತ್ತು ಉಳಿದ ಲಾರಿಕ್ ಆಮ್ಲ. ಲ್ಯಾಬಿನ ತಟ್ಟೆಯಲ್ಲಿ ಅದು ಜೋರಾಗಿಯೇ ಇದೆ. ಆದರೆ ನುಂಗಿದರೆ ಹೊಟ್ಟೆಯಲ್ಲಿ ಬೇರೆ ಕೊಬ್ಬಿನ ಹಾಗೇ ಜೀರ್ಣವಾಗುತ್ತದೆ. ಕತ್ತಿನ ಹಿಂದಿನ ಕುರು ಹುಡುಕಿಕೊಂಡು ಹೋಗುವುದಿಲ್ಲ. ದುಡ್ಡು ಉಳಿಸಿ.

ಪ್ರತಿ ಮಳೆಗಾಲವೂ ಬರುತ್ತದೆ ಅಂದರೆ ಮನೆಯಲ್ಲೇ ಯಾರದೋ ಮೂಗಿನಲ್ಲಿ ಸ್ಟಾಫಿಲೊಕಾಕಸ್ ಮನೆ ಮಾಡಿರಬಹುದು. ಮೂರರಲ್ಲಿ ಒಬ್ಬರ ಮೂಗಿನಲ್ಲಿ ಅದು ಏನೂ ತೊಂದರೆ ಕೊಡದೆ ಕೂತಿರುತ್ತದೆ. ಡಾಕ್ಟರಿಗೆ ಇದನ್ನು ಕೇಳಿ. ಮಗನ ಟವೆಲ್ಲು ಬೇರೆ ಇಡಿ, ಉಗುರು ಗಿಡ್ಡ ಇರಲಿ. ಮಳೆಯಲ್ಲಿ ಒದ್ದೆಯಾದ ಶಾಲೆಯ ಅಂಗಿ ಬಂದ ತಕ್ಷಣ ಬಿಚ್ಚಲಿ. ಕುರು ಏಳುವಾಗ ಬಿಸಿ ನೀರಿನ ಬಟ್ಟೆಯ ಕಾವು ಕೊಡಿ. ಹಿಚುಕಬೇಡಿ. ಮೂಗು, ತುಟಿಯ ಸುತ್ತ ಕುರು ಬಂದರೆ, ಜ್ವರ ಬಂದರೆ, ಸುತ್ತಲಿನ ಕೆಂಪು ಹರಡುತ್ತಾ ಹೋದರೆ ಮಾರನೆಯ ದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಅವ್ವನಿಗೆ ಹೀಗೆ ಹೇಳಿ. ದೀಪಾವಳಿಯ ಎಣ್ಣೆ ನೀರು, ಭಾನುವಾರ ತಲೆಗೆ ಎಣ್ಣೆ, ಒಣಗಿದ ಕೈಕಾಲಿಗೆ ಎಣ್ಣೆ, ಎಲ್ಲಾ ನಡೆಯುತ್ತದೆ. ಕೂದಲ ಬುಡದಲ್ಲಿ ಕುರು ಏಳುವ ಜಾಗದಲ್ಲಿ ಮಾತ್ರ ಎಣ್ಣೆ ರಂಧ್ರ ಮುಚ್ಚಿ ಇನ್ನಷ್ಟು ಕೆಡಿಸಬಹುದು, ಹಾಗಾಗಿ ಕತ್ತಿನ ಹಿಂದೆ ಸದ್ಯಕ್ಕೆ ಬೇಡ. ಕುರು ಪೂರ್ತಿ ಆರಿ, ಹೊಸ ಚರ್ಮ ಬಂದ ಮೇಲೆ ತೆಳ್ಳಗೆ ಹಚ್ಚಲಿ. ಆ ಹೊತ್ತಿಗೆ ಪುಣೆಯಲ್ಲಿ ಚಳಿ ಬಿದ್ದಿರುತ್ತದೆ. ಡಬ್ಬಿಯಲ್ಲಿ ಎಣ್ಣೆ ಗಟ್ಟಿಯಾಗಿದ್ದರೆ ಬಿಸಿ ನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ, ಸಾಕು.